ನಾಲ್ಕು ವರ್ಷ ಜರ್ಮನ್ ಸೆಡಾನ್ ಓಡಿಸಿದ ಮೇಲೆ: ದುಡ್ಡು ಎಲ್ಲಿ ಹೋಗುತ್ತದೆ?

2021ರಲ್ಲಿ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಜರ್ಮನ್ ಡೀಸೆಲ್ ಸೆಡಾನ್ ತೆಗೆದುಕೊಂಡೆ. 2018ರ ಮಾಡೆಲ್. ಹೊಸದಾಗಿದ್ದಾಗ ಆನ್‌ರೋಡ್ 50 ಲಕ್ಷದ ಆಸುಪಾಸಿನ ಕಾರು, ನನಗೆ ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿತು. ಕಂಪನಿಯ ಹೆಸರು ಹಾಕುತ್ತಿಲ್ಲ. ಬೇರೆ ಜರ್ಮನ್ ಕಾರು ಇಟ್ಟುಕೊಂಡ ಗೆಳೆಯರ ಬಿಲ್‌ಗಳನ್ನೂ ನೋಡಿದ್ದೇನೆ, ಕಥೆ ಹೆಚ್ಚುಕಡಿಮೆ ಒಂದೇ.

ಓಡಿಸುವ ಸುಖದ ಬಗ್ಗೆ ದೂರಿಲ್ಲ. ನೆಲಮಂಗಲ ದಾಟಿ ಹಾಸನದ ದಾರಿ ಹಿಡಿದರೆ ಈ ಕಾರು ಏನು ಅಂತ ಗೊತ್ತಾಗುತ್ತದೆ. ಒಳಗೆ ಸದ್ದಿಲ್ಲ, ಸೀಟು ಬೆನ್ನು ನೋಯಿಸುವುದಿಲ್ಲ, ಬ್ರೇಕ್ ಮೇಲೆ ಪೂರ್ತಿ ನಂಬಿಕೆ ಬರುತ್ತದೆ. ಹೈವೇಯಲ್ಲಿ ಲೀಟರ್‌ಗೆ 17-18 ಕಿ.ಮೀ. ಕೊಡುತ್ತದೆ.

ಖರ್ಚಿನ ವಿಷಯಕ್ಕೆ ಬರೋಣ. ಕೊಳ್ಳುವವರು ಒಂದು ಮಾತು ಮೊದಲೇ ತಿಳಿದುಕೊಂಡಿರಬೇಕು. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಪಾರ್ಟ್‌ಗಳ ಬೆಲೆ ಇಳಿಯುವುದಿಲ್ಲ. ನಾನು ಕೊಟ್ಟಿದ್ದು 20 ಲಕ್ಷವೇ ಇರಬಹುದು, ಬಿಲ್ ಬರುವುದು ಮಾತ್ರ 50 ಲಕ್ಷದ ಕಾರಿನದು.

ಆಯಿಲ್ ಸರ್ವಿಸ್ ಅಷ್ಟೇನೂ ಭಯಪಡುವಂಥದ್ದಲ್ಲ. ಐದು ಲೀಟರ್‌ಗೂ ಹೆಚ್ಚು ಸಿಂಥೆಟಿಕ್ ಆಯಿಲ್ ಬೇಕು, ಅದೂ ಎಕ್ಸಾಸ್ಟ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳದಂತೆ ಬೂದಿ ಕಡಿಮೆ ಬಿಡುವ ದರ್ಜೆಯದು. ಫಿಲ್ಟರ್‌ಗಳೆಲ್ಲ ಸೇರಿ ಕಂಪನಿ ಸರ್ವಿಸ್‌ನಲ್ಲಿ 25-30 ಸಾವಿರ ಆಗುತ್ತದೆ. ವರ್ಷಕ್ಕೊಮ್ಮೆ ಅಷ್ಟೇ.

ನಿಜವಾದ ಖರ್ಚು ಇರುವುದು ಕಾರಿನ ಕೆಳಗೆ. ಸಾಮಾನ್ಯ ಹ್ಯಾಚ್‌ಬ್ಯಾಕ್‌ನಲ್ಲಿ ಮುಂದಿನ ಪ್ರತಿ ಚಕ್ರವನ್ನು ಕಾರಿಗೆ ಜೋಡಿಸುವ ಒಂದು ಕಬ್ಬಿಣದ ಲೋವರ್ ಆರ್ಮ್ ಇರುತ್ತದೆ. ಅದರ ಕೀಲಿನಲ್ಲಿರುವ ರಬ್ಬರ್ ಬುಷ್ ಸವೆದರೆ ಮೆಕ್ಯಾನಿಕ್ ಹಳೆಯದನ್ನು ಒತ್ತಿ ತೆಗೆದು ಹೊಸದು ಕೂರಿಸುತ್ತಾರೆ, ಕೆಲವು ಸಾವಿರದಲ್ಲಿ ಮುಗಿಯಿತು. ನನ್ನ ಕಾರಿನಲ್ಲಿ ಒಂದೊಂದು ಚಕ್ರವನ್ನೂ ಹಲವು ಅಲ್ಯೂಮಿನಿಯಂ ಆರ್ಮ್‌ಗಳು ಹಿಡಿದುಕೊಂಡಿವೆ. ತೂಕ ಕಡಿಮೆ, ಹಿಡಿತ ಅದ್ಭುತ, ಆ ಸುಖವೆಲ್ಲ ಬರುವುದು ಅಲ್ಲಿಂದಲೇ. ಆದರೆ ಕೆಲವು ಬುಷ್, ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಬಿಡಿಯಾಗಿ ಸಿಗುವುದಿಲ್ಲ, ಇಡೀ ಆರ್ಮ್ ಬದಲಿಸಬೇಕು. ಒಮ್ಮೆ ಬಿಚ್ಚಿದ ಕೆಲವು ಬೋಲ್ಟ್‌ಗಳನ್ನು ಮತ್ತೆ ಹಾಕುವಂತಿಲ್ಲ, ಅವೂ ಹೊಸದೇ ಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್. ನಮ್ಮ ರಸ್ತೆಯ ಗುಂಡಿ, ಅಳತೆಯಿಲ್ಲದ ಹಂಪ್‌ಗಳ ಮೇಲೆ ಈ ರಬ್ಬರ್ ಬೇಗ ಸೋಲುತ್ತದೆ. ಎರಡೂ ಬದಿ ಮುಂದಿನ ಆರ್ಮ್‌ಗಳಿಗೆ ನನಗೆ ಒಂದು ಲಕ್ಷದ ಮೇಲೆ ಹೋಯಿತು.

ಟೈರ್‌ದು ಇನ್ನೊಂದು ಅಧ್ಯಾಯ. ಇವು ರನ್‌ಫ್ಲಾಟ್. ಗಾಳಿ ಪೂರ್ತಿ ಹೋದರೂ ಗಂಟೆಗೆ 80ಕ್ಕಿಂತ ಕಡಿಮೆ ವೇಗದಲ್ಲಿ ಸುಮಾರು 80 ಕಿ.ಮೀ. ಹೋಗಬಹುದು. ಅದಕ್ಕೇ ಡಿಕ್ಕಿಯಲ್ಲಿ ಸ್ಟೆಪ್ನಿ ಕೊಟ್ಟಿಲ್ಲ. ಟೈರಿನ ಪಕ್ಕದ ಗೋಡೆ ಗಟ್ಟಿ, ಎತ್ತರ ಕಡಿಮೆ. ಗುಂಡಿಗೆ ಬಿದ್ದರೆ ಏಟು ರಿಮ್‌ಗೂ ತಗಲುತ್ತದೆ. ಒಮ್ಮೆ ಮಂಗಳೂರಿಂದ ಬರುವಾಗ ಸಕಲೇಶಪುರ ದಾಟಿದ ಮೇಲೆ ಟೈರಿನ ಪಕ್ಕ ಸೀಳಿತು. ನಿಧಾನಕ್ಕೆ ಹಾಸನದವರೆಗೆ ಬಂದೆವು. ಮಳೆಯಲ್ಲಿ, ಮಕ್ಕಳನ್ನು ಇಟ್ಟುಕೊಂಡು ರಸ್ತೆ ಬದಿ ಜ್ಯಾಕ್ ಹಾಕುವ ಕಷ್ಟ ತಪ್ಪಿತು, ಅದಕ್ಕೆ ಕೃತಜ್ಞತೆ ಇದೆ. ಆದರೆ ಆ ಅಳತೆಯ ರನ್‌ಫ್ಲಾಟ್ ನಾವು ಕೇಳಿದ ಯಾವ ಅಂಗಡಿಯಲ್ಲೂ ಇರಲಿಲ್ಲ. ಬೆಂಗಳೂರಿಂದ ಬಸ್ಸಿಗೆ ಹಾಕಿ ತರಿಸಿದೆವು. ಒಂದು ಟೈರ್‌ಗೆ 20 ಸಾವಿರದ ಮೇಲೆ.

ಎಲೆಕ್ಟ್ರಾನಿಕ್ಸ್ ಖರ್ಚು ಬರುವ ರೀತಿಯೇ ಬೇರೆ. ಬ್ಯಾಟರಿ ಬದಲಿಸುವಂಥ ಸಣ್ಣ ಕೆಲಸಕ್ಕೂ ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಬೇಕು. ಬ್ಯಾಟರಿ ಎಷ್ಟು ಹಳೆಯದು ಅಂತ ಲೆಕ್ಕ ಇಟ್ಟುಕೊಂಡು ಕಾರಿನ ಕಂಪ್ಯೂಟರ್ ಚಾರ್ಜ್ ಮಾಡುತ್ತದೆ. ಹೊಸದು ಹಾಕಿದ್ದನ್ನು ಅದಕ್ಕೆ ತಿಳಿಸದಿದ್ದರೆ ಹಳೆಯ ಲೆಕ್ಕದಲ್ಲೇ ಚಾರ್ಜ್ ಮಾಡಿ ಹೊಸ ಬ್ಯಾಟರಿಯ ಆಯಸ್ಸು ಕಡಿಮೆ ಮಾಡುತ್ತದೆ. ಎಲ್‌ಇಡಿ ಹೆಡ್‌ಲ್ಯಾಂಪ್ ಸೀಲ್ ಮಾಡಿದ ಯೂನಿಟ್. ಒಳಗೆ ನೀರು ಹೋದರೆ ಬಲ್ಬ್ ಬದಲಿಸುವ ಮಾತೇ ಇಲ್ಲ, ಇಡೀ ಯೂನಿಟ್ಟೇ ಬೇಕು. ಬೆಲೆ ಲಕ್ಷ ದಾಟುತ್ತದೆ.

ಇಷ್ಟು ದುಬಾರಿ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಜರ್ಮನ್ ಕಾರುಗಳು ಚೆನ್ನೈ, ಪುಣೆ ಹತ್ತಿರದ ಚಾಕಣ್, ಸಂಭಾಜಿನಗರ (ಹಿಂದಿನ ಔರಂಗಾಬಾದ್) ಇಲ್ಲೆಲ್ಲ ಜೋಡಣೆ ಆಗುತ್ತವೆ ನಿಜ. ಆದರೆ ಎಷ್ಟೋ ಪಾರ್ಟ್ ಹೊರದೇಶದಿಂದಲೇ ಬರುತ್ತವೆ, ಅದಕ್ಕೆ ಆಮದು ಸುಂಕ, ಮೇಲೆ ಜಿಎಸ್‌ಟಿ. ಮಾರಾಟ ಕಡಿಮೆ ಇರುವುದರಿಂದ ಅಗ್ಗದ ಪರ್ಯಾಯ ಪಾರ್ಟ್ ಮಾಡುವವರೂ ಕಡಿಮೆ. ಮಾರುತಿ ಕಾರಿನ ಬ್ರೇಕ್ ಪ್ಯಾಡ್ ತಾಲೂಕು ಊರಲ್ಲೂ ಸಿಗುತ್ತದೆ, ಇದರದ್ದು ಸಿಗುವುದಿಲ್ಲ ಅಲ್ವಾ? 2025ರ ಸೆಪ್ಟೆಂಬರ್‌ನಲ್ಲಿ ಪಾರ್ಟ್‌ಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿಯಿತು, ಸ್ವಲ್ಪ ಉಸಿರಾಡುವಂತಾಗಿದೆ.

ಉಳಿತಾಯಕ್ಕೆ ದಾರಿಯೇ ಇಲ್ಲ ಅಂತಲ್ಲ. ಕಾರು ಕಂಪನಿಗಳು ಎಲ್ಲ ಪಾರ್ಟ್ ತಾವೇ ಮಾಡುವುದಿಲ್ಲ. ಬಾಷ್, ಮಾನ್, ಲೆಮ್‌ಫರ್ಡರ್‌ನಂಥವರು ಮಾಡಿಕೊಡುತ್ತಾರೆ. ಅವರದೇ ಡಬ್ಬಿಯಲ್ಲಿ ಬರುವ ಪಾರ್ಟ್ ಎಷ್ಟೋ ಅಗ್ಗ. ವಾರಂಟಿ ಮುಗಿದ ಮೇಲೆ ನಾನು ಇವನ್ನೇ ಹಾಕಿಸುತ್ತಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಪಾರ್ಟ್ ಅಂಗಡಿಗಳಲ್ಲೂ ವಿಚಾರಿಸಬಹುದು, ಆದರೆ ಪಾರ್ಟ್ ನಂಬರ್ ಹಿಡಿದುಕೊಂಡು ಹೋಗಿ. ಜರ್ಮನ್ ಕಾರು ಮಾತ್ರ ನೋಡುವ ಸ್ವತಂತ್ರ ಗ್ಯಾರೇಜ್‌ಗಳು ಬೆಂಗಳೂರಿನಲ್ಲಿ ಈಗ ಸಾಕಷ್ಟಿವೆ. ಲೇಬರ್‌ನಲ್ಲೇ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಉಳಿಸಬಾರದ ಕಡೆಯೂ ಇದೆ. ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬರುತ್ತದೆ, ಬದಲಿಸುವುದೇ ಬೇಡ ಅನ್ನುವ ಮಾತು ನಂಬಬೇಡಿ. ಇಂಥ ಎಷ್ಟೋ ಕಾರಿಗೆ ಎಂಟು ಗೇರಿನ ಆಟೋಮ್ಯಾಟಿಕ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಬದಲಿಸಲು ಹೇಳುತ್ತದೆ. ಹಾಗೇ ಇನ್ಶೂರೆನ್ಸ್‌ನಲ್ಲಿ ಎಂಜಿನ್ ರಕ್ಷಣೆ ಬಿಡಬೇಡಿ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಬೆಳ್ಳಂದೂರು ಕಡೆ ಎಷ್ಟೊಂದು ದುಬಾರಿ ಕಾರುಗಳು ನೀರಲ್ಲಿ ಮುಳುಗಿದ್ದವು, ನೆನಪಿದೆಯಲ್ಲ? ಎಂಜಿನ್ ನೀರು ಎಳೆದುಕೊಂಡರೆ ಸಾಮಾನ್ಯ ಪಾಲಿಸಿಯಲ್ಲಿ ಆ ದುಡ್ಡು ಸಿಗುವುದು ಕಷ್ಟ.

ಡೀಸೆಲ್, ಇನ್ಶೂರೆನ್ಸ್ ಬಿಟ್ಟು ನನಗೆ ವರ್ಷಕ್ಕೆ ಸರಾಸರಿ ಒಂದೂವರೆ ಲಕ್ಷದ ಹತ್ತಿರ ಬಂದಿದೆ. ಒಂದು ವರ್ಷ 40 ಸಾವಿರ, ಇನ್ನೊಂದು ವರ್ಷ ಮೂರು ಲಕ್ಷ, ಹೀಗೆ. ಅಷ್ಟು ದುಡ್ಡು ಬೇರೆಯಾಗಿ ಎತ್ತಿಡಲು ಆಗುವವರು, ಹೈವೇ ಓಡಾಟ ಜಾಸ್ತಿ ಇರುವವರು ಖಂಡಿತ ತೆಗೆದುಕೊಳ್ಳಿ. ದಿನಾ ನಾಲ್ಕು ಕಿ.ಮೀ. ಆಫೀಸಿಗೆ ಹೋಗಿ ಬರುವವರಿಗೆ ಡೀಸೆಲ್ ಬೇಡವೇ ಬೇಡ. ಎಕ್ಸಾಸ್ಟ್ ಬೇಕಾದಷ್ಟು ಬಿಸಿಯಾಗದೆ ಅದರಲ್ಲಿನ ಫಿಲ್ಟರ್ ಮಸಿಯಿಂದ ಕಟ್ಟಿಕೊಳ್ಳುತ್ತದೆ. ಕೊಳ್ಳುವ ಮುಂಚೆ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ಆರ್ಮ್‌ಗಳನ್ನು, ಆಯಿಲ್ ಸೋರಿಕೆಯನ್ನು ನೋಡಿಸಿ. ಸ್ಕ್ಯಾನ್ ಮಾಡಿಸಿ, ಟೈರಿನ ತಯಾರಿಕೆ ದಿನಾಂಕ ಓದಿ. ಅಲ್ಲಿ ಕಂಡ ಖರ್ಚನ್ನು ಮಾರುವವರ ಬೆಲೆಯಲ್ಲೇ ಕಡಿಮೆ ಮಾಡಿಸಿಕೊಳ್ಳಿ.