ಮೊದಲ ಪುಟಕ್ಕೆ ಸ್ಕ್ರೈಬಸ್ಸೋ, ಇನ್‌ಡಿಸೈನೋ?

ಸ್ಕ್ರೈಬಸ್, ಇನ್‌ಡಿಸೈನ್ ಎರಡೂ ಮುದ್ರಣಕ್ಕೆ ಪುಟ ಕಟ್ಟುವ ತಂತ್ರಾಂಶಗಳು. ಹೊಸದಾಗಿ ಕಲಿಯುವವರು ಕಟ್ಟುವ ಮೊದಲ ಪುಟಕ್ಕೆ ಯಾವುದು ವಾಸಿ ಎಂದು ತಿಳಿಯಲು ಎರಡರಲ್ಲೂ ಕಟ್ಟಿ ನೋಡಿದ್ದು ಒಂದೇ ಪುಟ: ಎ4 ಅಳತೆಯ ಸುದ್ದಿಪತ್ರ, ಸುತ್ತಲೂ 15 ಮಿ.ಮೀ. ಮಾರ್ಜಿನ್, 3 ಮಿ.ಮೀ. ಬ್ಲೀಡ್ (ಕತ್ತರಿಸಲೆಂದು ಪುಟದಂಚಿನಾಚೆ ಬಿಡುವ ಜಾಗ), ನಡುವೆ 6 ಮಿ.ಮೀ. ಬಿಟ್ಟು ಎರಡು ಕಾಲಂ. ಒಂದು ತಲೆಬರಹ, ಒಂದು ಚಿತ್ರ, ಯೂನಿಕೋಡ್ ಕನ್ನಡದ ಒಂದು ಲೇಖನ. ಅಕ್ಷರ 11 ಪಾಯಿಂಟ್, ಲೀಡಿಂಗ್ (ಸಾಲಿನಿಂದ ಸಾಲಿಗೆ ಇರುವ ಅಂತರ) 16. ಇಂಗ್ಲಿಷ್ ಪುಟದ ರೂಢಿಯಂತೆ 13 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಪಠ್ಯ ಹರಿಸುವ ಕೆಲಸದಲ್ಲಿ ಕಲಿಯುವವರಿಗೆ ಸ್ಕ್ರೈಬಸ್ಸೇ ಒಳ್ಳೆಯ ಮೇಷ್ಟ್ರು. ಅಲ್ಲಿ ಎಲ್ಲವೂ ಚೌಕಟ್ಟು. ಟಿ ಒತ್ತಿ ಪಠ್ಯದ್ದು, ಐ ಒತ್ತಿ ಚಿತ್ರದ್ದು ಎಳೆಯಬೇಕು. ಮೊದಲ ಚೌಕಟ್ಟನ್ನು ಆರಿಸಿ ಎನ್ ಒತ್ತಿ ಎರಡನೆಯದನ್ನು ಕ್ಲಿಕ್ಕಿಸಿದರೆ ಉಳಿದ ಪಠ್ಯ ಅಲ್ಲಿಗೆ ಹರಿಯುತ್ತದೆ. ಇನ್‌ಡಿಸೈನ್‌ನಲ್ಲಿ ಕಂಟ್ರೋಲ್-ಡಿ ಒತ್ತಿ ಕಡತ ತಂದು, ಶಿಫ್ಟ್ ಹಿಡಿದು ಕ್ಲಿಕ್ಕಿಸಿದರೆ ಚೌಕಟ್ಟು, ಜೋಡಣೆ, ಬೇಕಾದಷ್ಟು ಪುಟ ಎಲ್ಲವೂ ತಾನಾಗಿ ಬರುತ್ತವೆ. ಬೇಗ ಮುಗಿಯುತ್ತದೆ ನಿಜ, ಆದರೆ ಒಳಗೆ ಏನಾಯಿತೆಂದು ಹೊಸಬರಿಗೆ ತಿಳಿಯುವುದಿಲ್ಲ.

ಚಿತ್ರದ ವಿಷಯದಲ್ಲಿ ಸ್ಕ್ರೈಬಸ್ ಆರಂಭಿಕರನ್ನು ಗಾಬರಿಪಡಿಸುತ್ತದೆ: ಚಿತ್ರದ ಮೂಲೆಯಷ್ಟೇ ಕಾಣುತ್ತದೆ. ಕೆಟ್ಟಿರುವುದೇನೂ ಇಲ್ಲ; ಬಲ ಕ್ಲಿಕ್ಕಿಸಿ 'ಅಡ್ಜಸ್ಟ್ ಇಮೇಜ್ ಟು ಫ್ರೇಮ್' ಆರಿಸಿದರಾಯಿತು. ಒಂದು ಕಾಲಂ ಅಗಲ 87 ಮಿ.ಮೀ. ಆದ್ದರಿಂದ 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) ಸುಮಾರು 1,030 ಪಿಕ್ಸೆಲ್ ಅಗಲದ ಚಿತ್ರ ಬೇಕು.

ಕನ್ನಡ ಮೂಡುವ ಬಗೆಯಲ್ಲಿ ಫಲಿತಾಂಶ ತಿರುಗುಮುರುಗು. ಸ್ಕ್ರೈಬಸ್ 1.6ರಲ್ಲಿ ನೋಟೋ ಸೆರಿಫ್ ಕನ್ನಡದಂಥ ಓಪನ್‌ಟೈಪ್ ಫಾಂಟ್ ಆರಿಸಿದರೆ ಸಾಕು, ಒತ್ತಕ್ಷರ ಸರಿಯಾಗಿ ಕೂಡುತ್ತದೆ; ಹಳೆಯ 1.4ರಲ್ಲಿ ಕೂಡುವುದಿಲ್ಲ. ಇನ್‌ಡಿಸೈನ್‌ನಲ್ಲಿ 'ಭಕ್ತಿ' ಒಡೆದು, ಅರ್ಧಾಕ್ಷರ ಬೇರೆಯಾಗಿ ನಿಂತರೆ ಫಾಂಟನ್ನು ಬೈಯಬೇಡಿ. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ವಿಭಾಗದಲ್ಲಿ ಕಂಪೋಸರನ್ನು (ಅಕ್ಷರ ಕೂಡಿಸಿ ಸಾಲು ಕಟ್ಟುವ ಭಾಗ) 'ಅಡೋಬ್ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಎಂದು ಬದಲಿಸಿ. ಯಾವ ಕಡತವೂ ತೆರೆದಿರದಾಗ 'ಬೇಸಿಕ್ ಪ್ಯಾರಾಗ್ರಾಫ್'ನಲ್ಲಿ ಇದನ್ನು ಬದಲಿಸಿಟ್ಟರೆ ಮುಂದಿನ ಎಲ್ಲ ಹೊಸ ಕಡತಗಳಿಗೂ ಅನ್ವಯಿಸುತ್ತದೆ. ಪಠ್ಯ 'ನುಡಿ' ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಮಾತ್ರ ಎರಡೂ ಕಡೆ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಆದರೆ ಅದೇ ಕಂಪೋಸರ್ ಸರಿಯಾದ ಮೇಲೆ ಇನ್‌ಡಿಸೈನ್ ಬಹಳ ಮುಂದೆ ಹೋಗುತ್ತದೆ. ಅದು ಇಡೀ ಪ್ಯಾರಾವನ್ನು ತೂಗಿ ನೋಡಿ ಸಾಲು ಮುರಿಯುತ್ತದೆ. ಸ್ಕ್ರೈಬಸ್ ಒಂದೊಂದೇ ಸಾಲನ್ನು ತುಂಬುತ್ತಾ ಹೋಗುತ್ತದೆ. ಕನ್ನಡದ ಉದ್ದುದ್ದ ಸಮಾಸಪದಗಳು ಬಂದಾಗ ಎರಡೂ ಅಂಚು ಸಮ ಮಾಡಿದ ಸ್ಕ್ರೈಬಸ್ ಕಾಲಂನಲ್ಲಿ ಪದಗಳ ನಡುವೆ ದೊಡ್ಡ ಬಿಳಿ ಗುಂಡಿಗಳು ಬೀಳುತ್ತವೆ. ಮೂರು ಕಾಲಂ ಮಾಡಿದರಂತೂ ಪುಟ ನೋಡಲಾಗದು. ಸ್ಕ್ರೈಬಸ್‌ನಲ್ಲಿ ಎರಡೇ ಕಾಲಂ, ಎಡಕ್ಕೆ ಸಮ ಮಾಡಿದ ಪಠ್ಯ — ಮೊದಲ ಪುಟಕ್ಕೆ ಇದೇ ಕ್ಷೇಮ.

ದಪ್ಪಕ್ಷರಕ್ಕೆ ಎರಡರಲ್ಲೂ ವರ್ಡ್‌ನಲ್ಲಿರುವಂಥ ಸುಲಭದ ಬಟನ್ ಇಲ್ಲ, ಆ ಫಾಂಟಿನ ಬೋಲ್ಡ್ ಕಡತವೇ ಬೇಕು. ವರ್ಡ್‌ನಿಂದ ಬಂದ ಪಠ್ಯದ ಕಪ್ಪು ಕೆಲವೊಮ್ಮೆ ಆರ್‌ಜಿಬಿ ಕಪ್ಪಾಗಿರುತ್ತದೆ (ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದ ಕಪ್ಪು). ಅದು ಮುದ್ರಣದಲ್ಲಿ ನಾಲ್ಕೂ ಬಣ್ಣಗಳಿಗೆ ಒಡೆದು, ಪ್ಲೇಟು ಸ್ವಲ್ಪ ಸರಿದರೂ ಅಕ್ಷರದಂಚಿಗೆ ನೆರಳು ಬರಿಸುತ್ತದೆ. ಆದ್ದರಿಂದ ಪಠ್ಯ ತರುವಾಗಲೇ ಸ್ಟೈಲುಗಳನ್ನು ಕಿತ್ತು ಬರೀ ಅಕ್ಷರ ತನ್ನಿ.

ಕೊನೆಗೆ ಪ್ರೆಸ್ಸಿಗೆ ಪಿಡಿಎಫ್ ಮಾಡುವಾಗ, ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-3 ಮಾದರಿ ಸ್ಕ್ರೈಬಸ್ ಪಟ್ಟಿಯಲ್ಲಿ ಕಾಣದಿದ್ದರೆ ಕಲರ್ ಮ್ಯಾನೇಜ್‌ಮೆಂಟ್ (ಬಣ್ಣ ನಿರ್ವಹಣೆ) ಆನ್ ಆಗಿಲ್ಲವೆಂದು ಅರ್ಥ. ಇನ್‌ಡಿಸೈನ್‌ಗೆ ಈ ರಗಳೆ ಇಲ್ಲ, ಬದಲಿಗೆ ಚಂದಾ ಕಟ್ಟುತ್ತಿರಬೇಕು, ಸ್ಕ್ರೈಬಸ್ ಉಚಿತ. ಇನ್‌ಡಿಸೈನ್ ಕಡತವನ್ನು ಸ್ಕ್ರೈಬಸ್ ನೇರವಾಗಿ ತೆರೆಯದು. ಇನ್‌ಡಿಸೈನ್‌ನಿಂದಲೇ ಐಡಿಎಂಎಲ್ ಎಂಬ ವಿನಿಮಯ ಕಡತ ಮಾಡಿ ಕೊಟ್ಟರೆ ತೆರೆಯುತ್ತದೆ, ಆದರೆ ಸಾಲುಗಳು ಬೇರೆ ಕಡೆ ಮುರಿದಿರುವುದರಿಂದ ಪುಟವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಸ್ಕ್ರೈಬಸ್ ಕಡತ ಇನ್‌ಡಿಸೈನ್‌ಗೆ ಹೋಗುವುದೇ ಇಲ್ಲ.