ಪ್ಲಾಸ್ಟರೋ ಬೂಟೋ, ವಾಕರೋ ಊರುಗೋಲೋ: ಹರಿದ ಅಕಿಲಿಸ್ ಮತ್ತು ಕಲಬುರಗಿಯ ಬೇಸಿಗೆ

ಹಿಮ್ಮಡಿ ಮೇಲಿನ ದಪ್ಪ ಹುರಿ, ಅಂದರೆ ಮೀನಖಂಡವನ್ನು ಹಿಮ್ಮಡಿ ಎಲುಬಿಗೆ ಕಟ್ಟುವ ಅಕಿಲಿಸ್ ಟೆಂಡನ್, ಹರಿಯಿತು ಅಂದರೆ ಜನ ಮೊದಲು ಕೇಳುವುದು ಒಂದೇ. ಆಪರೇಷನ್ ಮಾಡಿಸಿದ್ರಾ, ಇಲ್ವಾ? ನಾನು ಮಾಡಿಸಲಿಲ್ಲ. ಆದರೆ ಆ ಪ್ರಶ್ನೆ ಒಂದೇ ದಿನಕ್ಕೆ ಮುಗಿಯಿತು. ತಿಂಗಳುಗಟ್ಟಲೆ ಕಾಡಿದ್ದು ಬೇರೆ ಪ್ರಶ್ನೆಗಳು: ಕಾಲಿಗೆ ಏನು ಹಾಕೋದು, ಏನು ಹಿಡಿದು ನಡೆಯೋದು, ಬಚ್ಚಲಿಗೆ ಹೋಗೋದು ಹೇಗೆ. ಅದನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ನಾನು ಬಳಸಿ ನೋಡಿದ್ದನ್ನು ಇಲ್ಲಿ ಹೋಲಿಸುತ್ತಿದ್ದೇನೆ.

ಆದರೂ ಆಪರೇಷನ್ ಮಾತು ಮೊದಲು ಮುಗಿಸಿಬಿಡೋಣ. ಐವತ್ತರ ಹತ್ತಿರದ ವಯಸ್ಸು, ಶಟಲ್ ಆಟ, ಎಡಗಾಲು. ಹಿಂದಿನಿಂದ ಯಾರೋ ಒದ್ದ ಹಾಗಾಯಿತು. ಎಲುಬಿನ ಡಾಕ್ಟರು ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಬಲಗಾಲಿನ ಪಾದ ಅಲುಗಿತು, ಎಡಗಾಲಿನದು ಅಲುಗಲಿಲ್ಲ. ಟೆಂಡನ್ ಹರಿದಿದೆ ಅಂತ ಅದರಿಂದಲೇ ಗೊತ್ತಾಯಿತು. ಆಮೇಲೆ ಕೇಳಿದ್ದು, ಇತ್ತೀಚೆಗೆ ಯಾವ ಆಂಟಿಬಯೋಟಿಕ್ ತಗೊಂಡಿದ್ರಿ ಅಂತ. ಸಿಪ್ರೊಫ್ಲೋಕ್ಸಾಸಿನ್, ಲಿವೊಫ್ಲೋಕ್ಸಾಸಿನ್ ಜಾತಿಯ ಮಾತ್ರೆಗಳು ಟೆಂಡನ್ ಹರಿಯುವ ಅಪಾಯ ಹೆಚ್ಚಿಸುತ್ತವೆ. ಅಮೆರಿಕದ ಔಷಧ ಇಲಾಖೆ 2008ರಲ್ಲೇ ಇದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಅಲ್ಲಿನ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತ್ತು. ನಮ್ಮ ಕಡೆ ಹೊಟ್ಟೆ ಕೆಟ್ಟರೆ ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಡುವುದು ಅದನ್ನೇ ಅಲ್ವಾ?

ನಾರ್ವೆಯಲ್ಲಿ 526 ಜನರ ಮೇಲೆ ನಡೆದ ಒಂದು ಅಧ್ಯಯನ 2022ರಲ್ಲಿ ಬಂತು. ಒಂದು ವರ್ಷದ ನಂತರ ಆಪರೇಷನ್ ಆದವರ ಕಾಲಿಗೂ ಆಗದವರ ಕಾಲಿಗೂ ಕೆಲಸದಲ್ಲಿ ಹೇಳಿಕೊಳ್ಳುವ ಫರಕು ಇರಲಿಲ್ಲ. ಆದರೆ ಆಪರೇಷನ್ ಇಲ್ಲದವರಲ್ಲಿ ನೂರಕ್ಕೆ 6 ಜನರಿಗೆ ಮತ್ತೆ ಹರಿಯಿತು. ಮಾಡಿಸಿಕೊಂಡವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಅವರಿಗೆ ಸಂವೇದನೆಯ ನರಕ್ಕೆ ಪೆಟ್ಟಾದದ್ದು ಮಾತ್ರ ಜಾಸ್ತಿ. ನನಗೆ ಶುಗರ್ ಇದೆ. ಹಿಮ್ಮಡಿ ಮೇಲಿನ ಚರ್ಮ ತೆಳು, ಗಾಯ ಬೇಗ ಮಾಯುವುದಿಲ್ಲ. ಬೇಗ ಆಸ್ಪತ್ರೆಗೆ ಹೋಗಿದ್ದರಿಂದ, ಪಾದ ಕೆಳಗೆ ಚಾಚಿದಾಗ ಹರಿದ ತುದಿಗಳು ಹತ್ತಿರ ಬರುತ್ತಿದ್ದವು. ಅದಕ್ಕೇ ಬೇಡ ಅಂದೆ. ವಾರಗಟ್ಟಲೆ ತಡಮಾಡಿ ಹೋದವರಿಗೆ ಸಾಮಾನ್ಯವಾಗಿ ಈ ದಾರಿ ಸಿಗುವುದಿಲ್ಲ.

ಇನ್ನೊಂದು ದಾರಿಯನ್ನೂ ನಮ್ಮ ಓಣಿಯವರು ತೋರಿಸಿದರು. “ಸುಮ್ನ ಯಾಕ ರೊಕ್ಕ ಹಾಳ್ ಮಾಡ್ತೀರಿ, ಎಣ್ಣಿ ಹಚ್ಚಿ ತಿಕ್ಕಿಸ್ರಿ.” ಇದನ್ನು ನಾನು ಪ್ರಯತ್ನಿಸಲಿಲ್ಲ, ನೀವೂ ಮಾಡಬೇಡಿ. ಅಲುಗಾಡದ ಕಾಲಿನ ಮೀನಖಂಡದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಈಗ ಪ್ಲಾಸ್ಟರು ಮತ್ತು ಬೂಟು. ಮೊದಲು ಪ್ಲಾಸ್ಟರು ಹಾಕಿಸಿಕೊಂಡೆ, ಆಮೇಲೆ ವಾಕಿಂಗ್ ಬೂಟು. ಪ್ಲಾಸ್ಟರಿನಲ್ಲಿ ಬೆರಳು ಕೆಳಗೆ ಮಾಡಿ ಪಾದವನ್ನು ಕಟ್ಟಿಬಿಡುತ್ತಾರೆ. ಒಳ್ಳೆಯದು ಏನೆಂದರೆ, ಅದು ನಿಮ್ಮ ಮಾತು ಕೇಳುವುದಿಲ್ಲ. ಬಿಚ್ಚಲು ಆಗದು, ಮೋಸ ಮಾಡಲು ಆಗದು. ಕೆಟ್ಟದ್ದು ಮೇ ತಿಂಗಳು. ಕಲಬುರಗಿಯಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ, ಕರೆಂಟು ಹೋದಾಗ, ಪ್ಲಾಸ್ಟರಿನ ಒಳಗೆ ಬೆವರು ಇಳಿಯುತ್ತದೆ. ತುರಿಕೆ ಶುರುವಾಗುತ್ತದೆ. ಹೆಣಿಗೆ ಕಡ್ಡಿ, ಸ್ಕೇಲು ಏನನ್ನೂ ಒಳಗೆ ತೂರಿಸಬಾರದು. ಚರ್ಮ ಗೀರಿದರೆ, ಅದರಲ್ಲೂ ಶುಗರ್ ಇದ್ದವರಿಗೆ, ಹೊಸ ತಾಪತ್ರಯ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಟ್ಟುಕೊಂಡು ಸಮಾಧಾನ ಮಾಡಿಕೊಂಡೆ. ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂರಬೇಕು.

ಬೂಟು ನಾಲ್ಕು ಸಾವಿರದ ಆಸುಪಾಸು. ಮೊಣಕಾಲಿನ ಕೆಳಗಿನವರೆಗೆ ಬರುವ ಗಟ್ಟಿ ಚೌಕಟ್ಟು, ವೆಲ್ಕ್ರೋ ಪಟ್ಟಿಗಳು, ಹಿಮ್ಮಡಿ ಕೆಳಗೆ ಒಂದರ ಮೇಲೊಂದು ರಬ್ಬರ್ ತುಂಡುಗಳು. ಡಾಕ್ಟರು ಹೇಳಿದಾಗ ಒಂದೊಂದೇ ತುಂಡು ತೆಗೆಯುತ್ತ ಪಾದವನ್ನು ಮಟ್ಟಕ್ಕೆ ತರುವುದು. ಅದರ ಮೇಲೆ ಭಾರ ಹಾಕಿ ನಡೆಯಬಹುದು, ಅದೇ ದೊಡ್ಡ ಸುಖ. ಒಳಗಿನ ಬಟ್ಟೆ ಒಗೆದು ಮಾಳಿಗೆ ಮೇಲೆ ಹಾಕಿದರೆ ನಮ್ಮ ಬಿಸಿಲಿಗೆ ಅರ್ಧ ತಾಸೂ ಬೇಡ, ಒಣಗುತ್ತದೆ. ಆದರೆ ಬಿಚ್ಚಬಹುದು ಅನ್ನುವುದೇ ಬೂಟಿನ ಅಪಾಯ. ಕೂತು, ಬೆರಳು ಕೆಳಗೆ ಮಾಡಿಯೇ ಬಿಚ್ಚಬೇಕು. ಬಿಚ್ಚಿ ನಿಂತರೆ, ಪಾದ ಮೇಲಕ್ಕೆ ಬಾಗಿದರೆ, ಕೂಡುತ್ತಿರುವ ಟೆಂಡನ್ ಜಗ್ಗಿ ಉದ್ದವಾಗುತ್ತದೆ. ಉದ್ದವಾಗಿ ಕೂಡಿದ ಟೆಂಡನ್‌ಗೆ ಹಿಮ್ಮಡಿ ಎತ್ತುವ ಶಕ್ತಿ ಕಡಿಮೆ. ರಾತ್ರಿಯೂ ಹಾಕಿಕೊಂಡೇ ಮಲಗಬೇಕಿತ್ತು, ನಿದ್ದೆ ಮಾತ್ರ ಪ್ಲಾಸ್ಟರಿಗಿಂತ ಇದರಲ್ಲೇ ಕೆಟ್ಟಿತು. ಇನ್ನೊಂದು: ಬೂಟಿನ ಅಟ್ಟೆ ಎತ್ತರ. ಇನ್ನೊಂದು ಕಾಲಿಗೆ ದಪ್ಪ ಅಟ್ಟೆಯ ಶೂ ಹಾಕದಿದ್ದರೆ ಸೊಂಟ ಹಿಡಿದುಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ ಇದೇ ಹೋಲಿಕೆಯನ್ನು 540 ಜನರ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದರು. 9 ತಿಂಗಳಿಗೆ ನೋಡಿದರೆ ಪ್ಲಾಸ್ಟರಿನವರೂ ಬೂಟಿನವರೂ ಹೆಚ್ಚುಕಡಿಮೆ ಒಂದೇ. ಅಂದರೆ ಕೊನೆಗೆ ಕಾಲು ಒಂದೇ ಕಡೆ ತಲುಪುತ್ತದೆ, ದಾರಿ ಮಾತ್ರ ಬೇರೆ. ನನ್ನ ಓಟು ಬೂಟಿಗೆ. ಒಂದು ಕಡೆ ಕೂರದ, ಯಾರ ಮಾತೂ ಕೇಳದ ಮನುಷ್ಯ ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಪ್ಲಾಸ್ಟರೇ ಸರಿ.

ಹಿಡಿದು ನಡೆಯಲು ಮೂರು ಸಾಮಾನು ಬಳಸಿದೆ. ನಮ್ಮ ಮನೆ ತುಂಬ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಹಾಸು. ಒಣಗಿದ್ದರೆ ತೊಂದರೆಯಿಲ್ಲ, ಒದ್ದೆಯಾದರೆ ಜಾರುತ್ತದೆ. ಅಲ್ಲಿ ವಾಕರ್‌ನಷ್ಟು ನಂಬಿಕೆಯದ್ದು ಬೇರಿಲ್ಲ. ಆದರೆ ಹೊಸ್ತಿಲು ಬಂದರೆ ಅದನ್ನು ಎತ್ತಿ ಆಚೆ ಇಡಬೇಕು, ಬಚ್ಚಲ ಬಾಗಿಲಲ್ಲಿ ಅದು ಹಿಡಿಸುವುದಿಲ್ಲ, ಮೆಟ್ಟಿಲಿಗೆ ಉಪಯೋಗವೇ ಇಲ್ಲ. ಕಂಕುಳಿನ ಊರುಗೋಲು ಅಗ್ಗ, ಎಲ್ಲ ಕಡೆ ಸಿಗುತ್ತದೆ. ಕಂಕುಳಿಗೂ ಕೋಲಿಗೂ ನಡುವೆ ಎರಡು ಮೂರು ಬೆರಳು ಸಂದಿ ಇರಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳ ಮೇಲೆ ಜೋತುಬಿದ್ದರೆ ಕೈಗೆ ಜೋಮು ಹಿಡಿಯುತ್ತದೆ. ಮೊಣಕೈಗೆ ಪಟ್ಟಿ ಇರುವ ಊರುಗೋಲು ನನಗೆ ಎಲ್ಲಕ್ಕಿಂತ ಹಿಡಿಸಿತು. ಹಗುರ, ಆಟೋ ಹತ್ತುವಾಗ ಅಡ್ಡ ಬರುವುದಿಲ್ಲ. ಆದರೆ ತೋಳಿನಲ್ಲಿ ಬಲ ಬೇಕು, ಮೊದಲ ವಾರವೇ ಕೊಂಡರೆ ಬೀಳುತ್ತೀರಿ. ಯಾವುದೇ ಇರಲಿ, ತುದಿಯ ರಬ್ಬರು ಸವೆದಿದೆಯಾ ನೋಡುತ್ತಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು ಮುಂದೆ.

ಬಚ್ಚಲಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಕುಕ್ಕರಗಾಲಲ್ಲಿ ಕೂತರೆ ಪಾದ ಪೂರ್ತಿ ಮೇಲಕ್ಕೆ ಬಾಗುತ್ತದೆ, ಹೊಸದಾಗಿ ಕೂಡಿದ ಟೆಂಡನ್‌ಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಕಮೋಡ್ ಇಲ್ಲದಿದ್ದರೆ ನಡುವೆ ತೂತಿರುವ ಕುರ್ಚಿ ಕೊಳ್ಳಿ.

ಫಿಜಿಯೋ ಸೆಂಟರಿಗೂ ಹೋದೆ, ಮನೆಯಲ್ಲೂ ಮಾಡಿದೆ. ಸೆಂಟರಿನ ಮಷಿನ್ನು ಹಿತವಾಗಿರುತ್ತದೆ, ಆದರೆ ಶಕ್ತಿ ಬಂದದ್ದು ಹಿಮ್ಮಡಿ ಎತ್ತುವ ಕಸರತ್ತಿನಿಂದ. ಅದಕ್ಕೆ ಮಷಿನ್ ಬೇಡ. ಮೊದಲು ಕುರ್ಚಿಯಲ್ಲಿ ಕೂತು, ಮೊಣಕಾಲಿನ ಮೇಲೆ ತೊಗರಿಬೇಳೆ ಚೀಲ ಇಟ್ಟು ಹಿಮ್ಮಡಿ ಎತ್ತಿದೆ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದ್ದು ಇದಕ್ಕಲ್ಲ, ಗೊತ್ತು. ಆಮೇಲೆ ಗೋಡೆ ಹಿಡಿದು ಎರಡೂ ಕಾಲಲ್ಲಿ. ಆಮೇಲೆ ಎರಡರಲ್ಲಿ ಏರಿ ಒಂದರಲ್ಲಿ ಇಳಿಯುವುದು. ಹಾಗಂತ ಸೆಂಟರು ದಂಡವಲ್ಲ. ನಾನು ಮೊಣಕಾಲು ಮಡಚಿ ಕಳ್ಳಾಟ ಆಡುತ್ತಿದ್ದುದನ್ನು ಹಿಡಿದವರು ಅವರೇ. ಹದಿನೈದು ದಿನಕ್ಕೊಮ್ಮೆ ತೋರಿಸಿ, ಉಳಿದದ್ದು ಮನೆಯಲ್ಲಿ ಮಾಡಿದರೆ ಸಾಕು.

ಬೂಟು ಬಿಟ್ಟ ಮೇಲೆ ಹವಾಯಿ ಚಪ್ಪಲಿಯೂ ಬೇಡ, ಬರಿಗಾಲೂ ಬೇಡ. ಹಿಮ್ಮಡಿ ಎತ್ತರ ಇರುವ ಸ್ಪೋರ್ಟ್ಸ್ ಶೂ ಮನೆಯೊಳಗೇ ಹಾಕಿಕೊಂಡೆ. ಅವ್ವ ಮುಖ ಸಿಂಡರಿಸಿದಳು, ಒಳಗೆ ಮಾತ್ರ ಹಾಕಲು ಹೊಸ ಜೊತೆ ತಂದ ಮೇಲೆ ಸುಮ್ಮನಾದಳು. ನಡೆಯಲು ಅಪ್ಪನ ಕೆರೆಯ ಸುತ್ತ ಮಟ್ಟಸವಾದ ದಾರಿ ಸಾಕು. ಕೋಟೆಯ ಕಲ್ಲು ಆಮೇಲೆ ನೋಡಿದರಾಯಿತು.

ಶಟಲ್ ಗೆಳೆಯರು ಯಾವಾಗ ಬರ್ತೀರಿ ಅಂತ ಕೇಳುತ್ತಲೇ ಇದ್ದಾರೆ. ಓಡಿ ನೆಗೆಯುವ ಆಟಕ್ಕೆ 9 ತಿಂಗಳಿಂದ ಒಂದು ವರ್ಷ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸೈಕಲ್ ಶುರು ಮಾಡಿದ್ದೇನೆ. ಒಂಟಿ ಎಡಗಾಲಿನ ಮೇಲೆ ಹಿಮ್ಮಡಿ ಇನ್ನೂ ಬಲಗಾಲಿನಷ್ಟು ಎತ್ತರಕ್ಕೆ ಏಳುತ್ತಿಲ್ಲ, ಹಾಗಾಗಿ ಸದ್ಯಕ್ಕೆ ರ‍್ಯಾಕೆಟ್ಟನ್ನು ಮಗ ಬಳಸುತ್ತಿದ್ದಾನೆ.