ರದ್ದಿ, ಹಾಲಿನ ಪ್ಯಾಕೆಟ್, ಸೀರೆ ಚೀಲ, ಹಳೇ ಹಾಳೆ: ಮಕ್ಕಳ ಜೊತೆ ಮಾಡಿ ನೋಡಿದ್ದು

ಪುಣೆಗೆ ಬಂದ ಹೊಸತರಲ್ಲಿ ಬೆಳಗ್ಗೆ ಬೀದಿಯಿಂದ 'ಭಂಗಾರ್, ಭಂಗಾರ್' ಅಂತ ಕೂಗು ಕೇಳಿ ನಮ್ಮತ್ತೆ ಬಾಗಿಲಿಗೆ ಓಡಿ ಬಂದಿದ್ದರು, ಈ ಊರಲ್ಲಿ ಬಂಗಾರವನ್ನ ಗಾಡಿ ಮೇಲೆ ಮಾರ್ತಾರಾ ಅಂತ. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ. ಈ ಕಥೆಯನ್ನ ನಮ್ಮ ಭಾನುವಾರದ ಕನ್ನಡ ಕ್ಲಾಸಿನ ಮಕ್ಕಳಿಗೆ ಹೇಳಿದ್ದೇ ತಪ್ಪಾಯಿತು. ಹಾಗಾದ್ರೆ ಗುಜರಿ ಮಾರಿ ಬಂಗಾರ ಮಾಡೋಣ ಅಂತ ಹಿಡಿದ ಪಟ್ಟು ಬಿಡಲಿಲ್ಲ.

ದುಡ್ಡು ಬೇಕಾಗಿದ್ದು ನಿಜ. ಕ್ಲಾಸಿಗೆ ಯಾರೋ ಕಪಾಟು ಕೊಟ್ಟಿದ್ದರು, ಒಳಗೆ ಇಡೋಕೆ ಕನ್ನಡ ಕಥೆ ಪುಸ್ತಕ ಇರಲಿಲ್ಲ. ಹದಿನೇಳು ಮಕ್ಕಳು, ಏಳರಿಂದ ಹದಿಮೂರು ವಯಸ್ಸು, ಎಲ್ಲ ಬೇರೆ ಬೇರೆ ಶಾಲೆ. ಒಂದು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆವು. ಯಾವುದರಲ್ಲಿ ಎಷ್ಟು ದುಡ್ಡು ಬಂತು ಅನ್ನೋದು ಒಂದು ಲೆಕ್ಕ. ಮೈ ಬಗ್ಗಿಸಿದ್ದು ಯಾರು, ಮಕ್ಕಳಾ ಅಥವಾ ಅಪ್ಪ ಅಮ್ಮನಾ, ಅನ್ನೋದು ಇನ್ನೊಂದು. ಎರಡನೇ ಲೆಕ್ಕ ಹಾಕೋದು ನನಗೆ ಹೊಳೆದದ್ದೇ ತಡವಾಗಿ.

ದುಡ್ಡಿನಲ್ಲಿ ಗೆದ್ದದ್ದು ರದ್ದಿ ಪೇಪರ್. ಎರಡು ತಿಂಗಳಲ್ಲಿ 212 ಕಿಲೋ ಸೇರಿತು, ಕಿಲೋಗೆ 14 ರೂಪಾಯಿಯಂತೆ 2,968 ರೂಪಾಯಿ. ಖರ್ಚು ಅಂದರೆ ಕಟ್ಟು ಕಟ್ಟೋ ಹಗ್ಗ ಅಷ್ಟೇ. ಆದರೆ ಮಕ್ಕಳು ಮಾಡಿದ್ದೇನು? ಅಪ್ಪನಿಗೆ ನೆನಪು ಮಾಡಿದ್ದು. ಕಟ್ಟು ಕಟ್ಟಿದ್ದು ಅಮ್ಮ, ಸ್ಕೂಟರ್ ಮೇಲೆ ಹೊತ್ತು ತಂದಿದ್ದು ಅಪ್ಪ. ಒಬ್ಬರಂತೂ ಆಫೀಸಿನ ಗೆಳೆಯರ ಮನೆಗಳಿಂದೆಲ್ಲ ಸೇರಿಸಿ ಒಂದೇ ಸಲ ಕಾರಿನ ಡಿಕ್ಕಿ ತುಂಬಾ ತಂದುಬಿಟ್ಟರು, ಅವರ ಮಗಳು ಅವತ್ತು ಕ್ಲಾಸಿಗೇ ಬಂದಿರಲಿಲ್ಲ! ಮಕ್ಕಳಿಗೆ ಖುಷಿ ಕೊಟ್ಟಿದ್ದು ತೂಕ ಮಾಡೋ ಹೊತ್ತು ಮಾತ್ರ. ರದ್ದಿ ಅಂಗಡಿಯವರು ಒಂದೊಂದೇ ಕಟ್ಟು ತಕ್ಕಡಿಗೆ ಇಡಿಸಿ ಮಕ್ಕಳ ಕೈಯಲ್ಲೇ ಬರೆಸಿದರು, ಹೊಳೆಯೋ ಮ್ಯಾಗಜಿನ್ ಕಾಗದಕ್ಕೆ ರೇಟು ಯಾಕೆ ಕಮ್ಮಿ ಅಂತ ಮುಟ್ಟಿಸಿ ತೋರಿಸಿದರು. ಅರ್ಧ ಗಂಟೆಯ ಮಜಾ, ಮುಗೀತು.

ಎರಡನೆಯದು ಪ್ಲಾಸ್ಟಿಕ್. ಹಾಲಿನ ಪ್ಯಾಕೆಟ್, ನೀರಿನ ಬಾಟಲಿ. ಮಕ್ಕಳಿಗೆ ಇದು ಸುಲಭ ಅನ್ನಿಸಿತ್ತು, ಯಾಕಂದ್ರೆ ಹಗುರ, ತಾವೇ ಹೊರಬಹುದು. ನಾವು ಶುರು ಮಾಡಿದ್ದು ಜುಲೈನಲ್ಲಿ. ಪುಣೆಯ ಜುಲೈ ಅಂದರೆ ಒಗೆದ ಬಟ್ಟೆಯೇ ಒಣಗೋದಿಲ್ಲ, ಇನ್ನು ತೊಳೆದ ಪ್ಯಾಕೆಟ್ ಎಲ್ಲಿ ಒಣಗಬೇಕು. ತೊಳೆಯದೇ ತಂದವರೂ ಇದ್ದರು. ಮೂರು ಗೋಣಿಚೀಲ ನಮ್ಮ ಮನೆ ಬಾಲ್ಕನಿಯಲ್ಲಿ ಕೂತವು. ನಾಲ್ಕನೇ ದಿನ ಹುಳಿತ ಹಾಲಿನ ವಾಸನೆ ಅಡುಗೆಮನೆವರೆಗೂ ಬಂತು, ಜೊತೆಗೆ ಇರುವೆ ಸಾಲು.

ವಾಸನೆಯನ್ನ ಸಹಿಸಿಕೊಳ್ಳಬಹುದಿತ್ತು. ನಿಲ್ಲಿಸಿದ್ದು ಬೇರೆ ಕಾರಣಕ್ಕೆ. ನಮ್ಮ ಬಿಲ್ಡಿಂಗಿಗೆ ಕಸ ತಗೊಳ್ಳೋಕೆ ಬರೋ ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮ) ಅಕ್ಕಲಕೋಟೆ ಕಡೆಯವರು, ನಮ್ಮ ಜೊತೆ ಕನ್ನಡದಲ್ಲೇ ಮಾತು. ಮೂರನೇ ವಾರ ಬಾಗಿಲಲ್ಲಿ ನಿಂತು ನಗುತ್ತಲೇ ಕೇಳಿದರು: "ಏನ್ರೀ ಅಕ್ಕಾರ, ನಿಮ್ಮ ಬಿಲ್ಡಿಂಗ್‌ನ್ಯಾಗ ಈಗ ಯಾರೂ ಹಾಲು ಕುಡ್ಯಂಗಿಲ್ಲೇನ್ರಿ?"

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಪುಣೆಯಲ್ಲಿ ಕಸ ಆಯುವವರು 1993ರಲ್ಲೇ ಕಾಗದ ಕಾಚ ಪತ್ರ ಕಷ್ಟಕರಿ ಪಂಚಾಯತ್ ಅಂತ ಸಂಘ ಕಟ್ಟಿಕೊಂಡವರು. ಅದರಿಂದ ಬಂದ 'ಸ್ವಚ್ಛ್' ಅನ್ನೋ ಸಹಕಾರ ಸಂಸ್ಥೆ 2008ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಮನೆ ಮನೆಯ ಕಸ ತಗೊಳ್ಳೋಕೆ ಶುರು ಮಾಡಿತು. ಇವರಿಗೆ ಪಾಲಿಕೆ ಸಂಬಳ ಇಲ್ಲ. ಮನೆಯವರು ತಿಂಗಳಿಗೆ ಕೊಡೋ ಶುಲ್ಕ, ಅದರ ಮೇಲೆ ಒಣ ಕಸದಲ್ಲಿ ಮಾರಾಟವಾಗೋದನ್ನ ಮಾರಿ ಬರೋ ದುಡ್ಡು, ಇದೇ ಸಂಪಾದನೆ. ಹಾಲಿನ ಪ್ಯಾಕೆಟ್, ಬಾಟಲಿ ಅಂದರೆ ಆ ಕಸದೊಳಗಿನ ಕೆನೆ. ನಾವು ಪರಿಸರ ಉಳಿಸ್ತೀವಿ ಅಂತ ಆ ಕೆನೆ ಎತ್ತಿಕೊಂಡು ಡೈಪರು, ಚಿಪ್ಸ್ ಕವರು ಅವರಿಗೆ ಬಿಟ್ಟಿದ್ದೆವು. ಮರುಬಳಕೆಯಾದ ಪ್ಲಾಸ್ಟಿಕ್ ಒಂದು ಗ್ರಾಮೂ ಜಾಸ್ತಿ ಆಗಲಿಲ್ಲ, ಹೇಗೂ ಅವರು ಮಾರುತ್ತಿದ್ದರಲ್ವಾ. ರದ್ದಿ ಪೇಪರಿನ ಮಾತು ಬೇರೆ, ಅದನ್ನ ನಮ್ಮಲ್ಲಿ ಮನೆಯವರೇ ಅಂಗಡಿಗೆ ಹಾಕೋದು.

ಬಂದಿದ್ದು ಬರೀ 410 ರೂಪಾಯಿ. ಮಕ್ಕಳಿಗೆ ಇದ್ದದ್ದನ್ನ ಇದ್ದಂತೆ ಹೇಳಿದೆವು. ದುಡ್ಡು ಮಾವ್ಶಿಗೇ ಕೊಡೋಣ ಅಂತ ಮಕ್ಕಳೇ ಹೇಳಿದವು, ಹಾಗೇ ಮಾಡಿದೆವು. ಈಗ ಪ್ಯಾಕೆಟ್ ತೊಳೆದು ಬೇರೆ ಚೀಲದಲ್ಲಿಟ್ಟು ಮಾವ್ಶಿಗೇ ಕೊಡ್ತಾರೆ. ಪ್ಯಾಕೆಟ್ ಮೂಲೆಯನ್ನ ಪೂರ್ತಿ ಕತ್ತರಿಸಬಾರದು, ತುದಿ ಅಂಟಿಕೊಂಡೇ ಇರಬೇಕು, ಇಲ್ಲದಿದ್ದರೆ ಆ ಚೂರು ಯಾರ ಕೈಗೂ ಸಿಗದೆ ಗಟಾರಕ್ಕೆ ಹೋಗುತ್ತದೆ ಅನ್ನೋದನ್ನ ನನ್ನ ಮಗ ಈಗ ಬಂದವರಿಗೆಲ್ಲ ಪಾಠ ಮಾಡ್ತಾನೆ. ಮೊನ್ನೆ ಅವನ ಅಜ್ಜಿಗೂ ಆಯಿತು.

ಇನ್ನು ಮಾರೋಕೆ ನಾವೇ ಮಾಡಿದ ಎರಡು ವಸ್ತು: ಹಳೇ ಸೀರೆಯ ಚೀಲ, ಹಳೇ ಹಾಳೆಯ ನೋಟ್‌ಬುಕ್.

ಚೀಲ ನೋಡೋಕೆ ಚೆಂದ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ ಬಂದಾಗಿನಿಂದ ಇಂಥ ಬಟ್ಟೆ ಚೀಲ ಮಾರೋರು ಎಲ್ಲ ಕಡೆ ಇದ್ದಾರೆ, ಅದೇ ತೊಂದರೆ. ರಾಜ್ಯೋತ್ಸವದ ದಿನ 46 ಚೀಲ ಮಾರಿದೆವು, 50 ರೂಪಾಯಿಗೆ ಒಂದು. ದಾರ, ಲೈನಿಂಗ್ ಬಟ್ಟೆಯ 380 ಕಳೆದರೆ 1,920 ಉಳಿಯಿತು. ಆದರೆ ಹೊಲಿಗೆ ಪೂರ್ತಿ ಮೂವರು ಅಮ್ಮಂದಿರದು, ರಾತ್ರಿ ಹನ್ನೊಂದರವರೆಗೆ. ಮಕ್ಕಳು ಬೆಂಡೆಕಾಯಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಹೂವಿನ ಅಚ್ಚು ಒತ್ತಿದವು, ಅಷ್ಟೇ. ಕೊಂಡವರ ಮನೆಯಲ್ಲಿ ಆಗಲೇ ಇಪ್ಪತ್ತು ಬಟ್ಟೆ ಚೀಲ ಇರುತ್ತವೆ, ಪಾಪ ಮಕ್ಕಳು ಅಂತ ತಗೊಂಡರು. ನಿಜವಾಗಿ ಕಣ್ಣಿಟ್ಟು ಕೊಂಡಿದ್ದು ಇಳಕಲ್ ಸೆರಗಿನ ಎರಡು ಚೀಲ ಮಾತ್ರ. ಪಕ್ಕದ ಬಿಲ್ಡಿಂಗಿನ ಮರಾಠಿ ಕಾಕು ದೂರದಿಂದಲೇ "ಇರ್ಕಲ್!" ಅಂತ ಗುರುತು ಹಿಡಿದು ಬಂದರು, ಅವರ ಕಡೆಯೂ ಅದು ಉಡೋ ಸೀರೆ. (ಇನ್ನೊಂದು ಇಳಕಲ್ ಸೀರೆಯನ್ನ ಹುಬ್ಬಳ್ಳಿಯ ಅಜ್ಜಿಯೊಬ್ಬರು ಕತ್ತರಿಸಿ ಅಂತ ಕೊಟ್ಟಿದ್ದರು. ನನ್ನ ಕೈ ಬರಲಿಲ್ಲ.)

ನೋಟ್‌ಬುಕ್ ಕಥೆಯೇ ಬೇರೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಎಲ್ಲ ಮಕ್ಕಳೂ ಹಳೇ ಪುಸ್ತಕ ತಂದವು. ಒಬ್ಬ ಹುಡುಗನ ನೋಟ್‌ಬುಕ್‌ನಲ್ಲಿ ಹನ್ನೊಂದೇ ಪುಟ ಬರೆದಿತ್ತು, ಯಾವ ವಿಷಯ ಅಂತ ಕೇಳಿದರೆ ಹೇಳಲಿಲ್ಲ. ಖಾಲಿ ಹಾಳೆ ಬಿಚ್ಚೋದು, ಪಿನ್ ತೆಗೆದು ಡಬ್ಬಿಗೆ ಹಾಕೋದು, ಒಂದು ಗೆರೆ, ನಾಲ್ಕು ಗೆರೆ, ಚೌಕಳಿ ಅಂತ ಬೇರೆ ಮಾಡೋದು, ಏಳು ವರ್ಷದವರೂ ಮಾಡಿದರು. ಪುಸ್ತಕದ ಮುಂದಿನ ಅರ್ಧ ಬರೆದಿರುತ್ತದೆ, ಹಾಗಾಗಿ ಜೋಡಿ ಹಾಳೆ ಸಿಗೋದಿಲ್ಲ, ಎಲ್ಲ ಬಿಡಿ ಹಾಳೆ. ಮಡಚಿ ನಡುವೆ ಹೊಲಿಯೋಕೆ ಆಗೋದಿಲ್ಲ. ಅಂಚಿನಲ್ಲಿ ಮೂರು ತೂತು ಹಾಕಿ ದಬ್ಬಣದಿಂದ ದಾರ ಎಳೆಯಬೇಕು. ಮೊದಲು ನಲವತ್ತು ಹಾಳೆ ಇಟ್ಟು ನೋಡಿದೆವು, ದಬ್ಬಣ ಅರ್ಧದಲ್ಲೇ ನಿಂತಿತು. ಇಪ್ಪತ್ತೈದಕ್ಕೆ ಸರಿಹೋಯಿತು. ತೂತು ಹಾಕೋದು ದೊಡ್ಡವರು, ದಾರ ಎಳೆಯೋದು ಮಕ್ಕಳು.

ರಟ್ಟಿಗೆ ಏನು ಮಾಡೋದು ಅಂತ ಯೋಚಿಸುವಾಗ ಹತ್ತು ವರ್ಷದ ಹುಡುಗಿಯೊಬ್ಬಳು ಲಗ್ನಪತ್ರಿಕೆ ಅಂದಳು. ಗಣಪತಿ ಇರೋ ಪತ್ರಿಕೆ ಎಸೆಯೋಕೆ ಯಾರಿಗೂ ಮನಸ್ಸು ಬರೋದಿಲ್ಲ, ಪ್ರತಿ ಮನೆಯ ಕಪಾಟಿನ ಮೇಲೂ ಒಂದು ಕಟ್ಟು ಧೂಳು ತಿನ್ನುತ್ತಿರುತ್ತದೆ. ದಪ್ಪ ಕಾಗದ, ಮೇಲೆ ಚಿನ್ನದ ಬಣ್ಣ. ವಧೂವರರ ಹೆಸರಿರೋ ಕಡೆ ಒಳಕ್ಕೆ ಮಾಡಿ ಕಾಗದ ಅಂಟಿಸಿದೆವು.

ಜೂನ್‌ನಲ್ಲಿ ಶಾಲೆ ಶುರುವಾಗೋ ಹೊತ್ತಿಗೆ 73 ಪುಸ್ತಕ, ಒಂದಕ್ಕೆ 20 ರೂಪಾಯಿ, ದಾರ ಗೋಂದಿನ 130 ಕಳೆದು 1,330. ರದ್ದಿಯ ಅರ್ಧವೂ ಅಲ್ಲ. ಆದರೆ ಕೊಂಡವರು ಮತ್ತೆ ಬಂದರು, ಚೌಕಳಿ ಇದೆಯಾ ಅಂತ.

ಹಳೇ ಫೋನು, ಚಾರ್ಜರು ಸೇರಿಸೋಣ ಅಂತಲೂ ಒಬ್ಬರು ಹೇಳಿದ್ದರು. ಅದು ಬೇಡ ಅಂದೆವು. ಉಬ್ಬಿದ ಬ್ಯಾಟರಿ ಮಕ್ಕಳ ಕೈಗೆ ಕೊಡೋ ವಸ್ತುವಲ್ಲ.

ಈ ವರ್ಷ ರದ್ದಿ ಇದೆ, ಹೊತ್ತುಕೊಂಡು ಹೋಗೋದು ಅಪ್ಪಂದಿರೇ, ಅದಕ್ಕೆ ಮಕ್ಕಳ ಅಭಿಯಾನ ಅನ್ನೋ ಹೆಸರು ಮಾತ್ರ ತೆಗೆದಿದ್ದೇವೆ. ಚೀಲ ಇಲ್ಲ. ನೋಟ್‌ಬುಕ್ ಕೆಲಸ ಏಪ್ರಿಲ್ ಮೂರನೇ ಭಾನುವಾರದಿಂದ. ದಬ್ಬಣ ಒಂದೇ ಇದೆ, ಊರಿಗೆ ಹೋದವರು ಇನ್ನೆರಡು ತರಬೇಕು. ಕಪಾಟಿನ ಮೇಲಿರೋ ಲಗ್ನಪತ್ರಿಕೆ ಕಟ್ಟನ್ನೂ ಕೆಳಗಿಳಿಸಿಡಿ.